ಸರಪಳಿಯ ಕೊನೆಯ ಕೊಂಡಿ ಯಾರ ಮನೆಯಲ್ಲಿ?

ಹತ್ತಿ ಬಿಡಿಸಿ, ತೊಗರಿ ರಾಶಿ ಮಾಡಿ, ಮಾಲು ಯಾದಗಿರಿ, ಶಹಾಪುರ, ಸುರಪುರಗಳ ಮಾರುಕಟ್ಟೆಗೆ ಹೋಗಿ, ಹಣ ಕೈಗೆ ಬಂದ ದಿನಗಳಲ್ಲಿ ನಮ್ಮ ಕಡೆಯ ಮನೆಗಳಿಗೆ ಎರಡು ಬಗೆಯ ಅತಿಥಿಗಳು ಬರುತ್ತಾರೆ. ಒಬ್ಬರು ಹಳೆಯ ಬಾಕಿ ಕೇಳಲು ಬರುವವರು. ಇನ್ನೊಬ್ಬರು ಹೊಸ ಆದಾಯದ ದಾರಿ ತೋರಿಸಲು ಬರುವವರು. ಮೊದಲನೆಯವರನ್ನು ಹೇಗೆ ಎದುರಿಸಬೇಕೆಂಬುದು ನಮ್ಮ ಹಿರಿಯರಿಗೆ ತಿಳಿದೇ ಇದೆ. ಎರಡನೆಯವರ ವಿಷಯದಲ್ಲಿಯೇ ನಾವು ಎಡವುತ್ತೇವೆ. ಏಕೆಂದರೆ ಅವರು ಅಪರಿಚಿತರಲ್ಲ. ಅಳಿಯನೋ, ಸೋದರಮಾವನ ಮಗನೋ, ಹೈದರಾಬಾದಿನಲ್ಲಿಯೋ ಬೆಂಗಳೂರಿನಲ್ಲಿಯೋ ಓದುತ್ತಿರುವ ನಮ್ಮದೇ ಓಣಿಯ ಹುಡುಗನೋ ಆಗಿರುತ್ತಾರೆ. "ಕಾಕಾ, ನೀವು ಏನೂ ಮಾಡುವುದು ಬೇಡ, ಬರೇ ಇಬ್ಬರನ್ನು ಸೇರಿಸಿರಿ ಸಾಕು" ಎಂಬ ಮಾತು ಅವರ ಬಾಯಿಂದ ಬಂದಾಗ ಇಲ್ಲವೆನ್ನಲು ನಮಗೆ ಸಂಕೋಚವಾಗುತ್ತದೆ.

ಹಿಂದೆ ಈ ಅತಿಥಿಗಳು ಚೀಲದಲ್ಲಿ ಸಾಬೂನು, ಟಾನಿಕ್ಕಿನ ಬಾಟಲಿ, ಹಾಸಿಗೆ, ಚಿನ್ನದ ನಾಣ್ಯದ ಚಿತ್ರಪುಸ್ತಕ ತರುತ್ತಿದ್ದರು. ಈಗ ಮೊಬೈಲು ಒಂದೇ ಸಾಕು. ಹೆಸರೂ ಬದಲಾಗಿದೆ. ನೆಟ್‌ವರ್ಕ್ ಮಾರ್ಕೆಟಿಂಗ್ ಎಂಬುದು ಹಳತಾಗಿ, ಅಫಿಲಿಯೇಟ್ ಮಾರ್ಕೆಟಿಂಗ್ ಎಂಬ ಹೊಸ ಹೆಸರು ಬಂದಿದೆ. ಹೆಸರನ್ನು ಕೇಳಿದ ಮಾತ್ರಕ್ಕೆ ಹೆದರಬೇಕಾಗಿಲ್ಲ, ಮರುಳಾಗಲೂಬಾರದು. ಇದರಲ್ಲಿ ಪ್ರಾಮಾಣಿಕವಾದುದೂ ಇದೆ, ಮೋಸವೂ ಇದೆ. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಹೇಗೆಂಬುದೇ ಈ ತಿಂಗಳ ನಮ್ಮ ವಿಚಾರ.

ದಲಾಲಿಯೂ ಒಂದು ಕಾಯಕವೇ

ಪ್ರಾಮಾಣಿಕವಾದ ಅಫಿಲಿಯೇಟ್ ವ್ಯವಹಾರವನ್ನು ಅರ್ಥಮಾಡಿಕೊಳ್ಳಲು ನಮಗೆ ಇಂಗ್ಲಿಷ್ ಬೇಕಾಗಿಲ್ಲ. ನಮ್ಮ ಅಡತಿ ಅಂಗಡಿಯನ್ನು ನೆನೆದರೆ ಸಾಕು. ರೈತನು ಮಾಲು ತರುತ್ತಾನೆ, ಖರೀದಿದಾರನು ಕೊಳ್ಳುತ್ತಾನೆ, ನಡುವಿನವನಿಗೆ ಗೊತ್ತಾದ ದಲಾಲಿ ಸಲ್ಲುತ್ತದೆ. ಮಾಲು ಮಾರಾಟವಾಗದಿದ್ದರೆ ದಲಾಲಿಯೂ ಇಲ್ಲ. ಅಮೆಜಾನ್ ಎಂಬ ಅಮೆರಿಕದ ಸಂಸ್ಥೆಯು 1996ರಲ್ಲಿಯೇ ಇಂತಹ ಏರ್ಪಾಡನ್ನು ಆರಂಭಿಸಿತು. ಒಬ್ಬನು ತನ್ನ ಬರಹದಲ್ಲಿ ಒಂದು ಪುಸ್ತಕವನ್ನು ಹೊಗಳಿ ಅದನ್ನು ಕೊಳ್ಳುವ ಕೊಂಡಿಯನ್ನು ಕೊಟ್ಟರೆ, ಆ ಕೊಂಡಿಯ ಮೂಲಕ ಯಾರಾದರೂ ಪುಸ್ತಕ ಕೊಂಡಾಗ ಅವನಿಗೆ ಸಣ್ಣ ಪ್ರಮಾಣದ ಕಮಿಷನ್ ಸಲ್ಲುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಶ್ರಮವಿದೆ, ಮಾಲಿದೆ, ಗಿರಾಕಿಯಿದ್ದಾನೆ, ದಲಾಲಿಯಿದೆ.

ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಒಂದು, ದಲಾಲಿ ಮಾಡುವ ಹಕ್ಕಿಗಾಗಿ ಅವನು ಮುಂಗಡ ಹಣ ಕೊಟ್ಟಿಲ್ಲ. ಎರಡು, ಮಾಲನ್ನು ಕೊಂಡವನು ಅದನ್ನು ಬಳಸಲು ಕೊಂಡಿದ್ದಾನೆ, ತಾನೂ ದಲಾಲನಾಗಲು ಕೊಂಡಿಲ್ಲ. ಮೂರು, ಅವನ ಆದಾಯವು ಮಾರಿದ ಮಾಲಿನಿಂದ ಬರುತ್ತದೆ, ಸೇರಿಸಿದ ಮನುಷ್ಯರಿಂದ ಬರುವುದಿಲ್ಲ. ಈ ಮೂರು ಎಲ್ಲಿ ತಪ್ಪುತ್ತವೆಯೋ ಅಲ್ಲಿ ಹೆಸರು ಏನೇ ಇರಲಿ, ವ್ಯವಹಾರ ಬೇರೆಯೇ ಆಗುತ್ತದೆ. 1975ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರಕಾರಿ ಸಂಸ್ಥೆಯು ಕಾಸ್ಕಾಟ್ ಎಂಬ ಸೌಂದರ್ಯಸಾಧನಗಳ ಕಂಪನಿಯ ಪ್ರಕರಣದಲ್ಲಿ ಹೆಚ್ಚುಕಡಿಮೆ ಇದೇ ಒರೆಗಲ್ಲನ್ನು ಬಳಸಿತು. ಸದಸ್ಯನು ಮಾರುವ ಹಕ್ಕಿಗಾಗಿ ಹಣ ತೆರುತ್ತಾನೆಯೇ, ಮಾಲು ನಿಜವಾದ ಬಳಕೆದಾರನನ್ನು ಮುಟ್ಟುವುದಕ್ಕೂ ಅವನ ಬಹುಮಾನಕ್ಕೂ ಸಂಬಂಧವಿಲ್ಲದೆ ಬರೇ ಜನರನ್ನು ಸೇರಿಸಿದ್ದಕ್ಕಾಗಿ ಹಣ ಪಡೆಯುತ್ತಾನೆಯೇ ಎಂಬುದನ್ನು ಅದು ನೋಡಿತು. ಅರ್ಧ ಶತಮಾನ ಕಳೆದರೂ ಈ ಒರೆಗಲ್ಲು ಸವೆದಿಲ್ಲ.

ಲೆಕ್ಕ ಸುಳ್ಳು ಹೇಳುವುದಿಲ್ಲ

ಮೋಸದ ಯೋಜನೆಯಲ್ಲಿ ಮಾತು ಬಹಳ ಸಿಹಿಯಾಗಿರುತ್ತದೆ. ಆದುದರಿಂದ ಮಾತನ್ನು ಬದಿಗಿಟ್ಟು ಲೆಕ್ಕವನ್ನು ಹಿಡಿಯೋಣ. ಮನೆಯ ಮಕ್ಕಳ ಪಾಟಿಯ ಮೇಲೆ ಇದನ್ನು ತಾವೇ ಮಾಡಿ ನೋಡಬಹುದು.

ಒಂದು ಯೋಜನೆಯ ಪ್ರವೇಶ ಹಣ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದಕ್ಕೆ ಬದಲಾಗಿ ಮೊಬೈಲಿನಲ್ಲಿ ನೋಡುವ ಒಂದು ತರಬೇತಿ ಪಾಠವನ್ನು ಕೊಡುತ್ತಾರೆ. ಸೇರಿದವನು ಹೊಸಬನೊಬ್ಬನನ್ನು ಸೇರಿಸಿದರೆ 8,000 ರೂಪಾಯಿ ಕಮಿಷನ್. ಕೇಳಿದವರಿಗೆ ಇದು ಬಹಳ ಉದಾರವೆಂದು ತೋರುತ್ತದೆ. ಮೊದಲನೆಯವನು ಇಬ್ಬರನ್ನು, ಆ ಇಬ್ಬರೂ ಇಬ್ಬಿಬ್ಬರನ್ನು, ಹೀಗೆ ಆರು ಮೆಟ್ಟಿಲುಗಳವರೆಗೆ ಯಾರೂ ಸೋಲದೆ ಸೇರಿಸಿದರೆಂದು ಭಾವಿಸೋಣ. ಒಟ್ಟು 127 ಜನರಾದರು. ಸಂಗ್ರಹವಾದ ಹಣ 12,70,000 ರೂಪಾಯಿ. ಇವರಲ್ಲಿ ಮೇಲಿನ 63 ಜನರು ತಲಾ 16,000 ಪಡೆದು, ಕೊಟ್ಟ ಹಣ ಕಳೆದು ತಲಾ 6,000 ರೂಪಾಯಿ ಲಾಭ ಮಾಡಿಕೊಂಡರು. ಕೆಳಗಿನ ಸಾಲಿನ 64 ಜನರು ತಲಾ 10,000 ರೂಪಾಯಿ ಕಳೆದುಕೊಂಡರು. ಯೋಜನೆ ನಡೆಸುವವನ ಪೆಟ್ಟಿಗೆಯಲ್ಲಿ 2,62,000 ರೂಪಾಯಿ ಉಳಿಯಿತು.

ಎಲ್ಲರೂ ಚೆನ್ನಾಗಿ ದುಡಿದಾಗಲೂ ಅರ್ಧಕ್ಕಿಂತ ಹೆಚ್ಚು ಜನ ಹಣ ಕಳೆದುಕೊಂಡುದನ್ನು ಓದುಗರು ಗಮನಿಸಬೇಕು. ಆ 64 ಜನರೂ ಲಾಭ ಕಾಣಬೇಕಾದರೆ 128 ಹೊಸಬರು ಬೇಕು. ಆ 128 ಜನರಿಗೆ ಮತ್ತೆ 256 ಜನರು ಬೇಕು. ಕೊನೆಯ ಸಾಲು ಅಳಿಯುವುದಿಲ್ಲ, ದೊಡ್ಡದಾಗುತ್ತ ಹೋಗುತ್ತದೆ ಅಷ್ಟೆ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಒಟ್ಟು ಜನಸಂಖ್ಯೆ 11,74,271. ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯವರೆಗೆ ಎಲ್ಲರೂ ಸೇರಿದರೂ, ಇಬ್ಬಿಬ್ಬರಂತೆ ಬೆಳೆಯುವ ಸರಪಳಿಗೆ ಇಪ್ಪತ್ತನೆಯ ಮೆಟ್ಟಿಲಿಗೆ ನಮ್ಮ ಜಿಲ್ಲೆಯಲ್ಲಿ ಜನರೇ ಸಾಲುವುದಿಲ್ಲ. ಇಬ್ಬರ ಬದಲು ಆರಾರು ಜನರನ್ನು ಸೇರಿಸುವ ಯೋಜನೆಯಾದರೆ ಎಂಟನೆಯ ಮೆಟ್ಟಿಲೊಂದಕ್ಕೇ 16,79,616 ಜನರು ಬೇಕು. ಹತ್ತನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಬೇಕಾಗುವ ಒಟ್ಟು ಜನರು ಏಳು ಕೋಟಿಯನ್ನು ಮೀರುತ್ತಾರೆ. 2011ರಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ. ಇಂತಹ ಆರರ ಸರಪಳಿಯಲ್ಲಿ ಯಾವ ಹಂತದಲ್ಲಿ ನಿಲ್ಲಿಸಿ ಎಣಿಸಿದರೂ ನೂರಕ್ಕೆ ಸುಮಾರು 83 ಜನರು ಕೊನೆಯ ಸಾಲಿನಲ್ಲಿಯೇ ಇರುತ್ತಾರೆ.

"ಶ್ರಮ ಪಟ್ಟವರಿಗೆ ಬರುತ್ತದೆ, ಸೋಮಾರಿಗಳಿಗೆ ಬರುವುದಿಲ್ಲ" ಎಂದು ಸಭೆಗಳಲ್ಲಿ ಹೇಳುತ್ತಾರೆ. ಹಣ ಹೋದವನು ತನ್ನನ್ನು ತಾನೇ ಹಳಿದುಕೊಂಡು ಸುಮ್ಮನಿರಲಿ ಎಂಬುದು ಆ ಮಾತಿನ ಉದ್ದೇಶ. ಮೇಲಿನ ಲೆಕ್ಕದಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ. ಆದರೂ 64 ಜನರು ಸೋತರು. ಸೋಲು ಅವರ ಶ್ರಮದಲ್ಲಿರಲಿಲ್ಲ, ಯೋಜನೆಯ ರಚನೆಯಲ್ಲಿಯೇ ಇತ್ತು.

ನಡೆದುಹೋದ ಸಂಗತಿಗಳು

ಇದು ಬರೇ ಪಾಟಿಯ ಮೇಲಿನ ಲೆಕ್ಕವಲ್ಲ. 1920ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪೊಂಜಿ ಎಂಬಾತನು 45 ದಿನಗಳಲ್ಲಿ ನೂರಕ್ಕೆ ಐವತ್ತು ಲಾಭ ಕೊಡುವೆನೆಂದು ಸಾವಿರಾರು ಜನರ ಹಣ ಸಂಗ್ರಹಿಸಿದನು. ಹೊಸಬರ ಹಣವನ್ನು ಹಳಬರಿಗೆ ಲಾಭವೆಂದು ಹಂಚಿದನು. ಹೊಸಬರು ಬರುವುದು ನಿಂತಾಗ ಎಲ್ಲವೂ ಕುಸಿಯಿತು. ಅಂದಿನಿಂದ ಇಂತಹ ವಂಚನೆಗೆ ಅವನ ಹೆಸರೇ ನಿಂತಿದೆ. ನಮ್ಮ ರಾಜಧಾನಿಯಲ್ಲಿಯೂ 2005ರಲ್ಲಿ ವಿನಿವಿಂಕ್ ಎಂಬ ಸಂಸ್ಥೆ ಹೀಗೆಯೇ ಕುಸಿದು, ನಿವೃತ್ತರು ಮತ್ತು ಮಧ್ಯಮ ವರ್ಗದವರು ಬೀದಿಗೆ ಬಂದುದನ್ನು ಹಿರಿಯ ಓದುಗರು ಮರೆತಿರಲಾರರು.

2010 ಮತ್ತು 2011ರಲ್ಲಿ ಸ್ಪೀಕ್ ಏಷ್ಯಾ ಎಂಬ ಸಿಂಗಪುರದ ಹೆಸರಿನ ಕಂಪನಿಯು ದೇಶದಾದ್ಯಂತ ಹಬ್ಬಿತು. 11,000 ರೂಪಾಯಿ ಕಟ್ಟಿ ಸದಸ್ಯರಾದವರು ಕಂಪ್ಯೂಟರಿನಲ್ಲಿ ಕೆಲವು ಸಮೀಕ್ಷೆಗಳಿಗೆ ಉತ್ತರ ತುಂಬಿದರೆ ಹಣ ಬರುತ್ತದೆ, ಇತರರನ್ನು ಸೇರಿಸಿದರೆ ಇನ್ನೂ ಹೆಚ್ಚು ಬರುತ್ತದೆ ಎಂಬುದು ಅದರ ಪ್ರಚಾರ. ಮೊದಮೊದಲು ಸೇರಿದವರಿಗೆ ಹಣ ನಿಜವಾಗಿಯೂ ಬಂದಿತು. 2011ರ ನಡುವಿನಲ್ಲಿ ಪಾವತಿ ನಿಂತಿತು. ಸುಮಾರು 24 ಲಕ್ಷ ಜನರಿಂದ 2,000 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಗಿತ್ತೆಂದು ಮುಂಬಯಿಯ ತನಿಖೆಯಲ್ಲಿ ಹೊರಬಿದ್ದಿತು. ಇದರಿಂದ ನಾವು ಕಲಿಯಬೇಕಾದ ಪಾಠವೊಂದಿದೆ. "ನನ್ನ ಖಾತೆಗೆ ದುಡ್ಡು ಬಂದಿದೆ, ನೋಡಿರಿ" ಎಂದು ನೆಂಟನು ಹೇಳುವುದು ನಿಜವೇ ಇರಬಹುದು. ಆದರೆ ಅದು ಯೋಜನೆಯ ಪ್ರಾಮಾಣಿಕತೆಗೆ ಸಾಕ್ಷಿಯಾಗುವುದಿಲ್ಲ. ಮೊದಲಿಗರಿಗೆ ಹಣ ಕೊಡದೆ ಯಾವ ಮೋಸವೂ ಬೆಳೆಯಲಾರದು.

ನಮಗೆ ಇನ್ನೂ ಹತ್ತಿರದ ಸಂಗತಿಯೆಂದರೆ ಹೈದರಾಬಾದಿನದು. 2019ರ ಮಾರ್ಚ್ ತಿಂಗಳಲ್ಲಿ ಸೈಬರಾಬಾದ್ ಪೊಲೀಸರು ಇ-ಬಿಜ್ ಎಂಬ ನೋಯ್ಡಾ ಮೂಲದ ಕಂಪನಿಯ ಮುಖ್ಯಸ್ಥರನ್ನು ಬಂಧಿಸಿದರು. ಕಂಪ್ಯೂಟರ್ ಪಾಠಗಳ ಹೆಸರಿನಲ್ಲಿ 16,821 ರೂಪಾಯಿ ಕಟ್ಟಿಸಿಕೊಳ್ಳುವುದು, ಆಮೇಲೆ ಇಬ್ಬರನ್ನು ತರಲು ಹೇಳುವುದು ಅದರ ಕ್ರಮವೆಂದು ಪೊಲೀಸರು ತಿಳಿಸಿದರು. ಬಲೆಗೆ ಬಿದ್ದವರಲ್ಲಿ ಬಹುಪಾಲು ಕಾಲೇಜು ವಿದ್ಯಾರ್ಥಿಗಳು. ನಮ್ಮ ಭಾಗದ ಎಷ್ಟೋ ಮಕ್ಕಳು ರೈಲು ಹತ್ತಿ ಓದಲೆಂದು, ದುಡಿಯಲೆಂದು ಹೋಗುವುದು ಅದೇ ನಗರಕ್ಕೆ. ಆಂಧ್ರದ ಅಗ್ರಿಗೋಲ್ಡ್ ಕಂಪನಿಯೂ ಹೀಗೆಯೇ ನಮ್ಮ ಗಡಿ ದಾಟಿತು. ನಿವೇಶನ, ಜಮೀನಿನ ಆಸೆ ತೋರಿಸಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಸುಮಾರು 32 ಲಕ್ಷ ಖಾತೆಗಳಿಂದ 6,380 ಕೋಟಿ ರೂಪಾಯಿ ಸಂಗ್ರಹಿಸಿತ್ತೆಂದು ಜಾರಿ ನಿರ್ದೇಶನಾಲಯವು ಹೇಳಿದೆ. ಅದರಲ್ಲಿ ಹಣ ವಸೂಲು ಮಾಡಿದವರು ಊರೂರಿನ ಪರಿಚಯದ ಏಜೆಂಟರು. ಕಂಪನಿ ಮುಳುಗಿದಾಗ ಜನರು ಕದ ತಟ್ಟಿದ್ದು ಅವರ ಮನೆಯದೇ.

2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಬಾಗಿಲು ಹಾಕಿತು. ಅಲ್ಲಿ ಜನರ ಧರ್ಮಶ್ರದ್ಧೆಯನ್ನೇ ಬಂಡವಾಳವಾಗಿ ಬಳಸಲಾಗಿತ್ತು. ಇದು ಒಂದು ಸಮುದಾಯದ ಕಥೆಯೆಂದು ಯಾರೂ ಭಾವಿಸಬಾರದು. ವಂಚಕನು ಪ್ರತಿಯೊಂದು ಸಮುದಾಯದೊಳಕ್ಕೂ ಆ ಸಮುದಾಯದ ಮಾತನ್ನೇ ಕಲಿತು ಬರುತ್ತಾನೆ. ನಮ್ಮ ನಡುವೆ ಬಂದಾಗ ಶರಣು ಎನ್ನುತ್ತಾನೆ, ಹಣೆಗೆ ವಿಭೂತಿ ಧರಿಸಿರುತ್ತಾನೆ, ಮಠದ ಜಾತ್ರೆಯ ದಾಸೋಹಕ್ಕೆ ಅಕ್ಕಿಯ ಚೀಲವನ್ನೂ ಕಳಿಸಿರುತ್ತಾನೆ. ಸಂಸ್ಕಾರವನ್ನು ಗೌರವಿಸೋಣ, ಆದರೆ ಲೆಕ್ಕಪತ್ರವನ್ನು ಬೇರೆಯಾಗಿಯೇ ಕೇಳೋಣ.

ಮೊಬೈಲಿನಲ್ಲಿ ಬರುವ ಹೊಸ ವೇಷಗಳು

ಈಗಿನ ವೇಷಗಳಲ್ಲಿ ಮೂರನ್ನು ನಾವು ವಿಶೇಷವಾಗಿ ಹೇಳಬಯಸುತ್ತೇವೆ. ಮೊದಲನೆಯದು ತರಬೇತಿಯ ವೇಷ. ಅಫಿಲಿಯೇಟ್ ಮಾರ್ಕೆಟಿಂಗ್ ಕಲಿಸುತ್ತೇವೆಂದು ಹಣ ಪಡೆಯುತ್ತಾರೆ. ಆ ಪಾಠದಲ್ಲಿರುವುದು ಅದೇ ಪಾಠವನ್ನು ಮತ್ತೊಬ್ಬರಿಗೆ ಮಾರುವುದು ಹೇಗೆಂಬುದು. ಹಣ ಗಳಿಸುವ ಆಸೆಯಿಲ್ಲದ ಒಬ್ಬನೇ ಒಬ್ಬ ಗಿರಾಕಿಯೂ ಆ ಪಾಠಕ್ಕೆ ಇರುವುದಿಲ್ಲ. ಪ್ರಚಾರದಲ್ಲಿ ಬಾಡಿಗೆ ಕಾರಿನ ಮುಂದೆ ನಿಂತ ಯುವಕ, ಲಕ್ಷಾಂತರ ರೂಪಾಯಿ ಜಮೆಯಾದಂತೆ ತೋರುವ ಚಿತ್ರಗಳು. ಇಂತಹ ಚಿತ್ರವನ್ನು ಯಾವ ಹುಡುಗನೂ ಐದು ನಿಮಿಷದಲ್ಲಿ ತಯಾರಿಸಬಲ್ಲನು.

ಎರಡನೆಯದು ಕೆಲಸದ ವೇಷ. ವಾಟ್ಸಪ್ ಅಥವಾ ಟೆಲಿಗ್ರಾಂನಲ್ಲಿ ಸಂದೇಶ ಬರುತ್ತದೆ. ವಿಡಿಯೋ ಮೆಚ್ಚಿದರೆ, ಹೋಟೆಲಿಗೆ ಅಂಕ ಕೊಟ್ಟರೆ ಹಣ ಎನ್ನುತ್ತಾರೆ. ಮೊದಲ ದಿನ ನೂರೋ ಇನ್ನೂರೋ ರೂಪಾಯಿ ಖಾತೆಗೆ ಬರುತ್ತದೆ. ಮೂರನೆಯ ದಿನ ದೊಡ್ಡ ಕೆಲಸಕ್ಕೆ ಮುಂಗಡ ಕಟ್ಟಲು ಹೇಳುತ್ತಾರೆ. ತೆರೆಯ ಮೇಲೆ ಲಾಭ ಏರುತ್ತ ಹೋಗುತ್ತದೆ. ಹಣ ತೆಗೆಯಲು ಹೋದಾಗ ತೆರಿಗೆ ಕಟ್ಟಿರಿ, ಶುಲ್ಕ ಕಟ್ಟಿರಿ ಎಂದು ಮತ್ತೆ ಕೇಳುತ್ತಾರೆ. ತನ್ನದೇ ಹಣ ಪಡೆಯಲು ಹಣ ಕಟ್ಟಬೇಕೆಂದು ಯಾರು ಹೇಳಿದರೂ ಅಲ್ಲಿಗೇ ನಿಲ್ಲಿಸಬೇಕು.

ಮೂರನೆಯದು ಅತ್ಯಂತ ಅಪಾಯಕರವಾದುದು. ಬ್ಯಾಂಕ್ ಖಾತೆಯನ್ನೋ, ಎಟಿಎಂ ಕಾರ್ಡನ್ನೋ, ಸಿಮ್ ಕಾರ್ಡನ್ನೋ ಕೆಲವು ದಿನ ಕೊಟ್ಟರೆ ಕಮಿಷನ್ ಎನ್ನುವರು. ಬೇರೆಯವರಿಂದ ದೋಚಿದ ಹಣವನ್ನು ಸಾಗಿಸಲು ಆ ಖಾತೆ ಬಳಕೆಯಾಗುತ್ತದೆ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಈ ಒಂದು ಮಾತನ್ನು ತಂದೆತಾಯಿಗಳು ಇಂದೇ ಹೇಳಬೇಕು.

ಕೇಳಬೇಕಾದ ಏಳು ಪ್ರಶ್ನೆಗಳು

ಯಾರೇ ಯೋಜನೆ ತಂದರೂ ಗೌರವದಿಂದ ಕೂಡಿಸಿ, ಚಹಾ ಕೊಟ್ಟು, ಈ ಏಳು ಪ್ರಶ್ನೆಗಳನ್ನು ಕೇಳಿರಿ.

1. ಸೇರಲು ಹಣ ಕಟ್ಟಬೇಕೆ? ಕೆಲಸ ಕೊಡುವವನು ಹಣ ಕೇಳುವುದಿಲ್ಲ. 2016ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ಹೊರಡಿಸಿದ ನೇರ ಮಾರಾಟದ ಮಾರ್ಗಸೂಚಿಯಲ್ಲಿಯೂ ಮಾರಾಟಗಾರರಿಂದ ಪ್ರವೇಶ ಶುಲ್ಕ ಪಡೆಯಬಾರದೆಂದು ಹೇಳಲಾಗಿತ್ತು. ಪ್ರವೇಶ ಶುಲ್ಕದ ಬದಲು ಕಿಟ್, ಪ್ಯಾಕೇಜ್, ತರಬೇತಿ ಎಂಬ ಹೆಸರಿದ್ದರೂ ಅದು ಶುಲ್ಕವೇ.

2. ಯಾರನ್ನೂ ಸೇರಿಸದೆ, ಬರೇ ಮಾಲು ಮಾರಿಯೇ ನಾನು ಗಳಿಸಬಹುದೆ? ಎಷ್ಟು? ಈ ಪ್ರಶ್ನೆಗೆ ಉತ್ತರ ತಡವರಿಸಿದರೆ ಉಳಿದ ಆರನ್ನು ಕೇಳುವುದೇ ಬೇಡ.

3. ಈ ಮಾಲನ್ನು ಇದೇ ಬೆಲೆಗೆ, ಯೋಜನೆಗೆ ಸೇರದ ಒಬ್ಬ ಗಿರಾಕಿ ಶಹಾಪುರದ ಅಂಗಡಿಯಲ್ಲಿ ಕೊಳ್ಳುವನೆ? 200 ರೂಪಾಯಿಯ ಪುಡಿಗೆ 2,000 ರೂಪಾಯಿ ಬೆಲೆಯಿದ್ದರೆ, ಉಳಿದ 1,800 ರೂಪಾಯಿ ಮಾಲಿನ ಬೆಲೆಯಲ್ಲ, ಮೇಲಿನವರ ಪಾಲು.

4. ಮಾರಾಟವಾಗದ ಮಾಲನ್ನು ಮರಳಿ ಪಡೆಯುವಿರಾ? ಎಷ್ಟು ದಿನಗಳೊಳಗೆ? ಬರಹದಲ್ಲಿ ಕೊಡುವಿರಾ?

5. ಕಂಪನಿಯ ಕಚೇರಿ ಎಲ್ಲಿದೆ? ದೂರು ಸ್ವೀಕರಿಸುವ ಅಧಿಕಾರಿ ಯಾರು? 2021ರ ಡಿಸೆಂಬರ್ 28ರಂದು ಪ್ರಕಟವಾದ ಗ್ರಾಹಕ ರಕ್ಷಣೆಯ ನೇರ ಮಾರಾಟ ನಿಯಮಗಳ ಪ್ರಕಾರ ಇಂತಹ ಸಂಸ್ಥೆಗೆ ಭಾರತದಲ್ಲಿ ನೋಂದಾಯಿತ ಕಚೇರಿಯೂ, ದೂರು ಪರಿಹಾರದ ಅಧಿಕಾರಿಯೂ ಇರಬೇಕು. ಮಾರಾಟಗಾರನೊಡನೆ ಲಿಖಿತ ಕರಾರು ಇರಬೇಕು. ಮನೆಗೆ ಬರುವವನ ಬಳಿ ಗುರುತಿನ ಚೀಟಿ ಇರಬೇಕು. ಮೊದಲೇ ತಿಳಿಸಿ ಬರಬೇಕು. ಪಿರಮಿಡ್ ಯೋಜನೆಗಳನ್ನೂ ಹಣ ಚಲಾವಣೆಯ ಯೋಜನೆಗಳನ್ನೂ ಆ ನಿಯಮಗಳು ನಿಷೇಧಿಸಿವೆ.

6. "ಸರಕಾರದ ನೋಂದಣಿ ಇದೆ" ಎನ್ನುವಿರಲ್ಲ, ಯಾವುದಕ್ಕೆ? ಕಂಪನಿಯಾಗಿ ನೋಂದಣಿ, ಜಿಎಸ್‌ಟಿ ಸಂಖ್ಯೆ, ಪ್ಯಾನ್ ಕಾರ್ಡು ಇವು ಕಂಪನಿ ಇದೆ ಎಂಬುದನ್ನಷ್ಟೇ ಹೇಳುತ್ತವೆ. ಜನರಿಂದ ಠೇವಣಿ ಪಡೆಯಲು ಅನುಮತಿ ಇದೆಯೆಂದು ಹೇಳುವುದಿಲ್ಲ. ಅನುಮತಿಯನ್ನು ಪರೀಕ್ಷಿಸಲು ರಿಸರ್ವ್ ಬ್ಯಾಂಕು 2016ರಲ್ಲಿ ಸಚೇತ್ ಎಂಬ ಜಾಲತಾಣವನ್ನು ಆರಂಭಿಸಿದೆ. ದೂರನ್ನೂ ಅಲ್ಲಿ ಕೊಡಬಹುದು.

7. ಒಂದು ತಿಂಗಳು ವಿಚಾರ ಮಾಡಿ ಹೇಳಿದರೆ ನಡೆಯುವುದೆ? ಪ್ರಾಮಾಣಿಕ ವ್ಯಾಪಾರವು ಮುಂದಿನ ತಿಂಗಳೂ ಇರುತ್ತದೆ. "ಇಂದು ರಾತ್ರಿ ಹನ್ನೆರಡರೊಳಗೆ" ಎನ್ನುವ ಅವಸರವೇ ಮೋಸದ ಗುರುತು.

ನಮ್ಮ ಹಳ್ಳಿಗಳ ಚೀಟಿಯನ್ನು ಇದರೊಡನೆ ಬೆರೆಸಬಾರದು. ಚೀಟಿಯಲ್ಲಿ ಜನರ ಸಂಖ್ಯೆ ಮೊದಲೇ ಗೊತ್ತಾಗಿರುತ್ತದೆ, ಹಣ ಆ ಜನರೊಳಗೇ ತಿರುಗುತ್ತದೆ, ಹೊಸಬರನ್ನು ಸೇರಿಸುವ ಅಗತ್ಯವಿಲ್ಲ. ಅದಕ್ಕೂ 1982ರ ಚಿಟ್ ಫಂಡ್ ಕಾಯಿದೆಯಿದೆ. ನೋಂದಣಿಯಾದ ಚೀಟಿಯಲ್ಲಿಯೇ ಹಣ ತೊಡಗಿಸುವುದು ಕ್ಷೇಮ.

ಸೇರಿಸಿದವನೂ ಹೊಣೆಗಾರ

ಅನೇಕರಿಗೆ ತಿಳಿಯದ ಒಂದು ಮಾತಿದೆ. 1978ರ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯಿದೆಯು ಇಂತಹ ಯೋಜನೆಯನ್ನು ನಡೆಸುವುದನ್ನು ಮಾತ್ರವಲ್ಲ, ಅದಕ್ಕೆ ಸದಸ್ಯರನ್ನು ಸೇರಿಸುವುದನ್ನೂ ಅದರಲ್ಲಿ ಭಾಗವಹಿಸುವುದನ್ನೂ ನಿಷೇಧಿಸಿದೆ. ಸದಸ್ಯರ ಸೇರ್ಪಡೆಯನ್ನು ಅವಲಂಬಿಸಿ ಹಣ ಕೊಡುವ ಭರವಸೆ ಇದ್ದರೆ, ಅದಕ್ಕೆ ಯಾವ ಹೆಸರಿಟ್ಟರೂ ಕಾಯಿದೆ ಅನ್ವಯಿಸುತ್ತದೆ. ಶಿಕ್ಷೆ ಮೂರು ವರ್ಷಗಳವರೆಗಿನ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಠೇವಣಿದಾರರ ರಕ್ಷಣೆಗೆ ಕರ್ನಾಟಕದ 2004ರ ಕಾಯಿದೆಯೂ, ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ಕೇಂದ್ರದ 2019ರ ಕಾಯಿದೆಯೂ ಇವೆ. ವಂಚಕರ ಆಸ್ತಿಯನ್ನು ಜಪ್ತಿ ಮಾಡಿ ಹಣ ಹಂಚಲು ಇವುಗಳಲ್ಲಿ ಅವಕಾಶವಿದೆ. ಆದರೆ ಅದು ವರ್ಷಗಟ್ಟಲೆ ಹಿಡಿಯುವ ಕೆಲಸ, ಸಂಪೂರ್ಣ ಹಣ ಮರಳುವುದು ವಿರಳ. ಕಾನೂನು ಕೊನೆಯ ಆಸರೆ. ಮೊದಲ ಆಸರೆ ನಮ್ಮ ಬಾಯಿಂದ ಬರುವ ಒಂದು 'ಬೇಡ'.

ಆ 'ಬೇಡ'ವನ್ನು ಹೇಳುವುದೇ ಕಷ್ಟವೆಂದು ನಾವು ಬಲ್ಲೆವು. ಮಗಳನ್ನು ಕೊಟ್ಟ ಮನೆಯ ಅಳಿಯ ಬಂದು ಕೂತಾಗ, ಹಣ ಕೊಡದಿದ್ದರೆ ಮಗಳಿಗೆ ಮಾತು ಬರಬಹುದೆಂಬ ಅಳುಕು ತಾಯಿಗೆ ಇರುತ್ತದೆ. ಸ್ತ್ರೀಶಕ್ತಿ ಸಂಘದ ಸಾಲ ತಂದು ಕೊಟ್ಟವರು, ಕೊರಳ ಸರ ಅಡವಿಟ್ಟು ಕೊಟ್ಟವರು ನಮ್ಮ ನಡುವೆ ಇದ್ದಾರೆ. ಹಣ ಮುಳುಗಿದ ಮೇಲೆ ಆ ಮನೆಗಳ ನಡುವೆ ಬಂದುಹೋಗುವುದು ನಿಲ್ಲುತ್ತದೆ. ಮದುವೆಯ ಆಮಂತ್ರಣ ನಿಲ್ಲುತ್ತದೆ. ಹಬ್ಬಕ್ಕೆ ತವರಿಗೆ ಬರುವ ಮಗಳ ಕಾಲಿಗೆ ತೊಡಕಾಗುತ್ತದೆ. ಹತ್ತು ಸಾವಿರ ರೂಪಾಯಿಯನ್ನು ಮತ್ತೆ ದುಡಿಯಬಹುದು. ಕಡಿದ ಬಾಂಧವ್ಯವನ್ನು ದುಡಿದು ತರಲಾಗದು. ಆದುದರಿಂದ ಹೀಗೆ ಹೇಳಿರಿ: "ಅಳಿಯಂದಿರೇ, ತಮಗೆ ಕಷ್ಟವಿದ್ದರೆ ಹೇಳಿರಿ, ಕೈಲಾದುದನ್ನು ಕೊಡುತ್ತೇವೆ. ಈ ಯೋಜನೆಗೆ ಮಾತ್ರ ನಮ್ಮ ಮನೆಯಿಂದ ಯಾರೂ ಸೇರುವುದಿಲ್ಲ." ಮನೆಯ ಹಿರಿಯರೂ ಕಿರಿಯರೂ ಮೊದಲೇ ಕುಳಿತು ಈ ಮಾತನ್ನು ಮನೆಯ ನಿಯಮವಾಗಿ ಮಾಡಿಕೊಂಡಿದ್ದರೆ ಯಾರೊಬ್ಬರೂ ಒಂಟಿಯಾಗಿ ಕೆಟ್ಟವರಾಗುವುದಿಲ್ಲ.

ಈಗಾಗಲೇ ಸೇರಿದ್ದರೆ

ಸೇರಿ ಹಣ ಕಟ್ಟಿದವರು ಕೆಲವು ಕೆಲಸಗಳನ್ನು ತಡಮಾಡದೆ ಮಾಡಬೇಕು. ಎಲ್ಲಕ್ಕಿಂತ ಮೊದಲು, ಹೋದ ಹಣ ಮರಳಿ ಪಡೆಯಲೆಂದು ಮತ್ತೊಬ್ಬರನ್ನು ಸೇರಿಸಬಾರದು. ಮೋಸಹೋದವನು ಮೋಸಗಾರನಾಗುವುದು ಆ ಒಂದು ಹೆಜ್ಜೆಯಲ್ಲಿಯೇ. ಎರಡನೆಯದಾಗಿ, ರಸೀದಿ, ಬ್ಯಾಂಕ್ ಪುಸ್ತಕದ ನಮೂದು, ವಾಟ್ಸಪ್ ಮಾತುಕತೆ, ಸೇರಿಸಿದವರ ಹೆಸರು ಮತ್ತು ದಿನಾಂಕ ಇವನ್ನು ಒಂದೆಡೆ ಕೂಡಿಡಬೇಕು. ಸಿಟ್ಟಿನಲ್ಲಿ ಮೊಬೈಲಿನಿಂದ ಅಳಿಸಬಾರದು. ಹಣ ಆನ್‌ಲೈನ್ ವಂಚನೆಯಲ್ಲಿ ಹೋಗಿದ್ದರೆ ಆ ಕ್ಷಣವೇ 1930 ಸಂಖ್ಯೆಗೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸುತ್ತೇವೆಯೋ ಅಷ್ಟು ಹಣ ಮುಂದಿನ ಖಾತೆಗೆ ದಾಟದಂತೆ ತಡೆಯುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೂ, ಜಿಲ್ಲಾ ಕೇಂದ್ರದ ಸಿಇಎನ್ ಪೊಲೀಸ್ ಠಾಣೆಗೋ ಹತ್ತಿರದ ಠಾಣೆಗೋ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಮಾಲಿನ ದರ, ಗುಣ, ಮರಳಿಕೆಯ ವಿಷಯವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಲು ಶುಲ್ಕವೂ ಇಲ್ಲ.

ಕೊನೆಯದಾಗಿ, ಮನೆಯಲ್ಲಿ ಮುಚ್ಚಿಡಬಾರದು. ಹಾಸ್ಟೆಲಿನ ಶುಲ್ಕವನ್ನು ಯೋಜನೆಗೆ ಕಟ್ಟಿದ ಮಗನು ತಂದೆಗೆ ಹೇಳಲು ಅಂಜುತ್ತಾನೆ. ಅಂಜಿದವನು ಸಾಲ ಕೊಡುವ ಆ್ಯಪಿನ ಬಾಗಿಲಿಗೆ ಹೋಗುತ್ತಾನೆ. ಅಲ್ಲಿಂದ ಮುಂದಿನ ಕಷ್ಟ ಹಿಂದಿನದಕ್ಕಿಂತ ದೊಡ್ಡದು. ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮಕ್ಕಳು ಬಂದು ಹೇಳಿದ ದಿನ ಬೈಯಬೇಡಿರಿ, ಲೆಕ್ಕ ಕೇಳಿರಿ. ಮರುದಿನ ಅವರೊಡನೆ ಠಾಣೆಗೆ ತಾವೇ ಹೋಗಿರಿ. ಹುಡುಗನ ಒಂದು ಹತ್ತು ಸಾವಿರಕ್ಕಿಂತ ಅವನು ನಾಳೆಯೂ ಮನೆಯಲ್ಲಿ ನಿಜ ಹೇಳುವಂತಿರುವುದು ಹೆಚ್ಚಿನದು.

ಈ ಪುಟವನ್ನು ಓದಿದವರು ಮೇಲಿನ ಏಳು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು, ಕ್ಯಾಲೆಂಡರಿನ ಪಕ್ಕದಲ್ಲಿ ತೂಗುಹಾಕಬೇಕೆಂದು ಕೋರುತ್ತೇವೆ. ಸಂಘದ ಸಭೆಯಲ್ಲಿಯೂ ಒಮ್ಮೆ ಓದಿ ಹೇಳಿರಿ. ಓದಲು ಬಾರದ ಅಕ್ಕಂದಿರಿಗೆ 127 ಜನರ ಲೆಕ್ಕವನ್ನು ಜೋಳದ ಕಾಳಿನಿಂದ ಎಣಿಸಿ ತೋರಿಸಿರಿ. ಕೊನೆಯ ಸಾಲಿನ 64 ಕಾಳುಗಳನ್ನು ಕಣ್ಣಾರೆ ಕಂಡವರು ಅಷ್ಟು ಸುಲಭವಾಗಿ ಮೋಸಹೋಗಲಾರರು.